ನಾಲ್ಕು ವರ್ಷದ ಮಗಳ ಮೆಳ್ಳೆಗಣ್ಣು: ಕನ್ನಡಕ, ಪಟ್ಟಿ, ಶಸ್ತ್ರಚಿಕಿತ್ಸೆ – ಯಾವುದು ಮೊದಲು?

ಪ್ರಶ್ನೆ – ಲಕ್ಷ್ಮೇಶ್ವರದ ತಂದೆ

ಎಲ್ಲರಿಗೂ ಶರಣು. ನಾನು ಗದಗ ಜಿಲ್ಲೆಯ ಲಕ್ಷ್ಮೇಶ್ವರದವನು. ನಮ್ಮ ಮಗಳಿಗೆ ಈಗ ನಾಲ್ಕು ವರ್ಷ ಎರಡು ತಿಂಗಳು. ಅವಳು ಎರಡೂವರೆ ವರ್ಷದವಳಿದ್ದಾಗ ಒಮ್ಮೆ ಮೂರು ದಿನ ಜ್ವರ ಬಂದು ಬಿಟ್ಟಿತು. ಅದಾದ ಕೆಲವು ದಿನಗಳಿಗೆ, ಗಂಗಾಳದೊಳಗಿನ ರೊಟ್ಟಿ ಮುರಿಯಲು ಬಗ್ಗಿದಾಗ ಎಡಗಣ್ಣು ಮೂಗಿನ ಕಡೆಗೆ ಸರಿಯುವುದನ್ನು ನನ್ನ ಹೆಂಡತಿ ಮೊದಲು ಕಂಡಳು. ಮುಖ ಎತ್ತಿದರೆ ಕಣ್ಣು ನೆಟ್ಟಗಾಗುತ್ತಿತ್ತು. ಮನೆಯ ಹಿರಿಯರು ಮೆಳ್ಳೆಗಣ್ಣು ಅದೃಷ್ಟದ ಗುರುತು ಎಂದರು, ಬೆಳೆದಂತೆ ತಾನೇ ಹೋಗುತ್ತದೆ ಎಂದರು. ಆ ಮಾತನ್ನು ನಂಬಿ ನಾವು ಒಂದೂವರೆ ವರ್ಷ ಕಳೆದೆವು. ಈಗ ದಿನದ ಹೆಚ್ಚಿನ ಹೊತ್ತು ಆ ಕಣ್ಣು ಒಳಗೇ ಇರುತ್ತದೆ.

ಕಳೆದ ತಿಂಗಳು ಹುಬ್ಬಳ್ಳಿಯಲ್ಲಿ ಮಕ್ಕಳ ಕಣ್ಣಿನ ವೈದ್ಯರಿಗೆ ತೋರಿಸಿದೆವು. ಮೂರು ದಿನ ಕಣ್ಣಿಗೆ ಮುಲಾಮು ಹಚ್ಚಿಸಿ ನಂತರ ತಪಾಸಣೆ ಮಾಡಿದರು. ಬಲಗಣ್ಣಿಗೆ +5.00, ಎಡಗಣ್ಣಿಗೆ +5.50 ನಂಬರ್ ಬಂದಿದೆ. ದೃಷ್ಟಿ ಬಲಕ್ಕೆ 6/9, ಎಡಕ್ಕೆ 6/24 (ಅಂದರೆ ಸರಿಯಾದ ಕಣ್ಣು 24 ಮೀಟರಿನಿಂದ ಓದುವ ಅಕ್ಷರ ಆ ಕಣ್ಣಿಗೆ 6 ಮೀಟರಿನಿಂದ ಮಾತ್ರ ಕಾಣುತ್ತದೆ) ಎಂದು ಬರೆದಿದ್ದಾರೆ. ಎಚ್ಚರವಿದ್ದಷ್ಟು ಹೊತ್ತೂ ಕನ್ನಡಕ ಹಾಕಬೇಕು, ದಿನಕ್ಕೆ ಎರಡು ಗಂಟೆ ಬಲಗಣ್ಣಿಗೆ ಪಟ್ಟಿ ಹಾಕಬೇಕು, ಶಸ್ತ್ರಚಿಕಿತ್ಸೆಯ ಮಾತು ಆಮೇಲೆ ಎಂದಿದ್ದಾರೆ.

ಐದು ವಾರಗಳಾದವು. ಕನ್ನಡಕ ಇದ್ದಾಗ ದೂರದ ನೋಟಕ್ಕೆ ಕಣ್ಣು ಬಹುಮಟ್ಟಿಗೆ ನೆಟ್ಟಗಿರುತ್ತದೆ, ಹತ್ತಿರದ ಚಿತ್ರ ನೋಡುವಾಗ ಮಾತ್ರ ಸ್ವಲ್ಪ ಒಳಗೆ ಹೋಗುತ್ತದೆ. ಆದರೆ ರಾತ್ರಿ ಕನ್ನಡಕ ತೆಗೆದ ಕೂಡಲೇ ಕಣ್ಣು ಮೊದಲಿಗಿಂತ ಹೆಚ್ಚು ಒಳಗೆ ಹೋದಂತೆ ಕಾಣುತ್ತದೆ, ಅದನ್ನು ನೋಡಿ ನನ್ನ ಹೆಂಡತಿ ಅಳುತ್ತಾಳೆ. ಕನ್ನಡಕದಿಂದಲೇ ಮೆಳ್ಳೆ ಹೆಚ್ಚಾಯಿತೇ? ಕೆಟ್ಟಿರುವ ಕಣ್ಣು ಎಡಗಡೆಯದಿದ್ದಾಗ ಬಲಗಣ್ಣನ್ನು ಏಕೆ ಮುಚ್ಚಬೇಕು? ನೆಂಟರೊಬ್ಬರು ಹೇಳುವಂತೆ ಒಂದೇ ಸಲ ಆಪರೇಶನ್ ಮಾಡಿಸಿ ಈ ಕನ್ನಡಕದ ಗೋಜನ್ನೇ ಮುಗಿಸಬಹುದೇ? ಈ ದಾರಿಯಲ್ಲಿ ನಡೆದವರು ದಯವಿಟ್ಟು ತಿಳಿಸಿ.

ಉತ್ತರ 1 – ಹುಬ್ಬಳ್ಳಿಯ ತಾಯಿ

ಅಣ್ಣನವರೇ, ಮೊದಲು ನಿಮ್ಮ ಮನೆಯವರಿಗೆ ಸಮಾಧಾನ ಹೇಳಿ. ನಮ್ಮ ಮಗನಿಗೂ ಇದೇ ಬಗೆಯ ತೊಂದರೆ ಇತ್ತು, ಈಗ ಅವನಿಗೆ ಒಂಬತ್ತು ವರ್ಷ. ಕನ್ನಡಕ ತೆಗೆದಾಗ ಕಣ್ಣು ಹೆಚ್ಚು ತಿರುಗಿದಂತೆ ಕಂಡು ನಾನೂ ಅತ್ತಿದ್ದೇನೆ. ಅದಕ್ಕಿಂತ ದೊಡ್ಡ ತಪ್ಪನ್ನೂ ಮಾಡಿದ್ದೇನೆ, ನಿಮ್ಮಿಂದ ಅದು ಆಗಬಾರದೆಂದು ಬರೆಯುತ್ತಿದ್ದೇನೆ.

ಕನ್ನಡಕ ಕೊಟ್ಟು ನಾಲ್ಕು ತಿಂಗಳಾದಾಗ ಮಗ ಆಟದಲ್ಲಿ ಬಿದ್ದು ಒಂದು ಗಾಜು ಒಡೆಯಿತು. ವೈದ್ಯರ ಬಳಿ ಹೋಗಲು ಆಲಸ್ಯಪಟ್ಟು ಮನೆಯ ಸಮೀಪದ ಒಂದು ಕನ್ನಡಕದ ಅಂಗಡಿಗೆ ಹೋದೆವು. ಅಲ್ಲಿದ್ದವರು ಯಂತ್ರದಲ್ಲಿ ನೋಡಿ, ಇಷ್ಟು ಚಿಕ್ಕ ಮಗುವಿಗೆ ಇಷ್ಟು ದಪ್ಪ ಗಾಜು ಬೇಡ, ಕಡಿಮೆ ನಂಬರಿನಲ್ಲೂ ಚೆನ್ನಾಗಿ ಓದುತ್ತಾನೆ ಎಂದು ಹೇಳಿ ನಂಬರ್ ಇಳಿಸಿ ಕೊಟ್ಟರು. ನಮಗೂ ಗಾಜು ತೆಳುವಾದದ್ದು ಚಂದ ಕಂಡಿತು. ಆರು ವಾರಗಳೊಳಗೆ ಕನ್ನಡಕದ ಹಿಂದೆಯೇ ಕಣ್ಣು ಮತ್ತೆ ಒಳಗೆ ಹೋಗತೊಡಗಿತು. ವೈದ್ಯರು ಎರಡೂ ಚೀಟಿಗಳನ್ನು ಪಕ್ಕದಲ್ಲಿಟ್ಟು ತೋರಿಸಿದಾಗ ನನಗೆ ವಿಷಯ ತಿಳಿಯಿತು: ನಮ್ಮ ಮಕ್ಕಳಿಗೆ ಆ ಗಾಜು ಓದುವುದಕ್ಕಾಗಿ ಕೊಟ್ಟದ್ದಲ್ಲ, ಕಣ್ಣನ್ನು ನೆಟ್ಟಗೆ ನಿಲ್ಲಿಸಲು ಕೊಟ್ಟದ್ದು. ಪೂರ್ತಿ ನಂಬರ್ ಹಾಕಿದ ಮೇಲೆ ಕಣ್ಣು ಮತ್ತೆ ಜಾಗಕ್ಕೆ ಬಂತು. ಆದ್ದರಿಂದ ಗಾಜು ಒಡೆದರೆ ಅದೇ ಚೀಟಿಯ ಅದೇ ನಂಬರಿಗೆ ಮಾಡಿಸಿ, ಸಾಧ್ಯವಿದ್ದರೆ ಒಂದು ಜೋಡಿ ಹೆಚ್ಚಿಗೆ ಮಾಡಿಸಿಡಿ. ಮಗುವಿನ ಮೂಗು ಇನ್ನೂ ಚಪ್ಪಟೆಯಾಗಿರುವುದರಿಂದ ಕನ್ನಡಕ ಜಾರುತ್ತದೆ, ಜಾರಿದರೆ ಅದರ ಮೇಲಿಂದ ನೋಡುತ್ತದೆ. ತಲೆಯ ಹಿಂದೆ ಬರುವ ಎಲಾಸ್ಟಿಕ್ ಪಟ್ಟಿಯನ್ನು ಕಟ್ಟಿಸಿದರೆ ಈ ಜಗಳ ಅರ್ಧ ಮುಗಿಯುತ್ತದೆ.

ಪಟ್ಟಿಯ ವಿಷಯದಲ್ಲಿ ನಾನು ಕಂಡುಕೊಂಡದ್ದನ್ನೂ ಹೇಳುತ್ತೇನೆ. ಮೊದಲ ವಾರ ಮಗ ಹತ್ತು ನಿಮಿಷಕ್ಕೊಮ್ಮೆ ಕಿತ್ತು ಹಾಕುತ್ತಿದ್ದ. ಒಳ್ಳೆಯ ಕಣ್ಣು ಮುಚ್ಚಿದಾಗ ಮಗುವಿಗೆ ಉಳಿಯುವುದು ಮಂಜು ಮಂಜಾದ ನೋಟ, ಅದರ ಸಿಟ್ಟು ನ್ಯಾಯವೇ ಆಗಿದೆ. ಸುಮ್ಮನೆ ಕೂರಿಸಿದರೆ ಎರಡು ಗಂಟೆ ಬಹಳ ಉದ್ದ. ನಮ್ಮ ಅತ್ತೆಯವರು ಒಂದು ಮೊರದಲ್ಲಿ ಹೆಸರು, ಅಲಸಂದಿ, ಶೇಂಗಾ ಬೆರೆಸಿ ಹಾಕಿ, ಬೇರೆ ಬೇರೆ ಬಟ್ಟಲಿಗೆ ಆರಿಸಿ ಹಾಕು ಎಂದು ಅವನ ಮುಂದೆ ಇಟ್ಟರು. ಬೆರಳು ತಡವರಿಸುತ್ತ ತಡವರಿಸುತ್ತ ಅವನು ಕೆಲಸದಲ್ಲಿ ಮುಳುಗಿದ, ಪಟ್ಟಿಯನ್ನು ಮರೆತ. ಮೊದಲ ದಿನ ಹೆಸರುಕಾಳು ಅವನ ಕಣ್ಣಿಗೆ ಸರಿಯಾಗಿ ಬೀಳುತ್ತಿರಲಿಲ್ಲ, ಶೇಂಗಾವನ್ನು ಮಾತ್ರ ಆರಿಸುತ್ತಿದ್ದ. ಎರಡು ತಿಂಗಳ ನಂತರ ಹೆಸರುಕಾಳಿನ ನಡುವಿನ ಹರಳನ್ನೂ ಹೆಕ್ಕಿ ಕೊಟ್ಟ ದಿನ ಅತ್ತೆಯವರು ಅವನ ದೃಷ್ಟಿ ತೆಗೆದರು. ಆಸ್ಪತ್ರೆಯ ಅಕ್ಷರ ಫಲಕಕ್ಕಿಂತ ಮೊದಲು ನಮಗೆ ಆ ಮೊರವೇ ಸುಧಾರಣೆಯನ್ನು ತೋರಿಸಿತು.

ಉತ್ತರ 2 – ಧಾರವಾಡದ ಆಪ್ಟೊಮೆಟ್ರಿಸ್ಟ್

ನಾನು ಹನ್ನೊಂದು ವರ್ಷಗಳಿಂದ ಮಕ್ಕಳ ದೃಷ್ಟಿ ತಪಾಸಣೆಯ ಕೆಲಸದಲ್ಲಿದ್ದೇನೆ. ಮಗುವನ್ನು ನೋಡದೆ ಚಿಕಿತ್ಸೆ ಹೇಳುವುದು ಸರಿಯಲ್ಲ. ನಿಮ್ಮ ವೈದ್ಯರು ಹಾಕಿಕೊಂಡ ಕ್ರಮದ ಹಿಂದಿನ ಕಾರಣವನ್ನು ಮಾತ್ರ ವಿವರಿಸುತ್ತೇನೆ. ಕಾರಣ ಗೊತ್ತಿದ್ದ ತಂದೆತಾಯಿಯರು ಚಿಕಿತ್ಸೆಯನ್ನು ನಡುವೆ ಬಿಡುವುದಿಲ್ಲ ಎಂಬುದು ನನ್ನ ಅನುಭವ.

ಹತ್ತಿರದ ವಸ್ತುವನ್ನು ನೋಡುವಾಗ ನಮ್ಮ ಕಣ್ಣು ಎರಡು ಕೆಲಸಗಳನ್ನು ಒಟ್ಟಿಗೆ ಮಾಡುತ್ತದೆ. ಒಳಗಿನ ಮಸೂರ ಉಬ್ಬಿ ನೋಟವನ್ನು ಸ್ಪಷ್ಟಗೊಳಿಸುತ್ತದೆ, ಅದರ ಜೊತೆಗೇ ಎರಡೂ ಕಣ್ಣುಗಳು ಮೂಗಿನ ಕಡೆಗೆ ತಿರುಗುತ್ತವೆ. ಒಂದನ್ನು ಬಿಟ್ಟು ಇನ್ನೊಂದು ನಡೆಯುವುದಿಲ್ಲ. ದೊಡ್ಡ ಪ್ಲಸ್ ನಂಬರ್ ಇರುವ ಮಗು ದೂರದ ಗಿಡವನ್ನು ನೋಡಲೂ ಈ ಶ್ರಮ ಪಡಬೇಕು, ಹತ್ತಿರದ ರೊಟ್ಟಿಗೆ ಇನ್ನೂ ಹೆಚ್ಚು ಪಡಬೇಕು. ಆ ಶ್ರಮವೇ ಕಣ್ಣನ್ನು ಒಳಗೆ ಎಳೆಯುತ್ತದೆ. ಈ ಬಗೆಯ ಮೆಳ್ಳೆ ಹೆಚ್ಚಾಗಿ ಎರಡು ಮೂರು ವರ್ಷದ ಸುಮಾರಿಗೆ, ಮಗು ಹತ್ತಿರದ ವಸ್ತುಗಳನ್ನು ಲಕ್ಷ್ಯವಿಟ್ಟು ನೋಡಲು ಕಲಿಯುವ ಹೊತ್ತಿಗೆ ಕಾಣಿಸಿಕೊಳ್ಳುತ್ತದೆ. ನಿಮ್ಮ ಹೆಂಡತಿ ಅದನ್ನು ಗಂಗಾಳದ ಮುಂದೆ ಮೊದಲು ಕಂಡದ್ದು ಇದಕ್ಕೇ. ಜ್ವರ ಅದನ್ನು ಹುಟ್ಟಿಸಿದ್ದಲ್ಲ, ಒಳಗೇ ಇದ್ದದ್ದನ್ನು ಹೊರಗೆ ತೋರಿಸಿತು ಅಷ್ಟೇ. ಕನ್ನಡಕ ಆ ಶ್ರಮವನ್ನು ತಾನು ಹೊತ್ತುಕೊಳ್ಳುವುದರಿಂದ ಕಣ್ಣು ಸಡಿಲಗೊಂಡು ನೆಟ್ಟಗಾಗುತ್ತದೆ. ರಾತ್ರಿ ಅದನ್ನು ತೆಗೆದಾಗ ಹಳೆಯ ಶ್ರಮ ಮರಳುತ್ತದೆ, ಕಣ್ಣು ಒಳಗೆ ಹೋಗುತ್ತದೆ. ದಿನವೆಲ್ಲ ನೆಟ್ಟಗಿದ್ದ ಕಣ್ಣನ್ನು ನೋಡಿದ ಮೇಲೆ ಅದು ಮೊದಲಿಗಿಂತ ಹೆಚ್ಚಾದಂತೆ ತೋರುತ್ತದೆ. ಕನ್ನಡಕ ಕಣ್ಣನ್ನು ಕೆಡಿಸಿಲ್ಲ. ತೆಗೆದಾಗ ತಿರುಗುವುದು, ಹಾಕಿದಾಗ ನಿಲ್ಲುವುದು ಎಂದರೆ ಕನ್ನಡಕ ತನ್ನ ಕೆಲಸವನ್ನು ಮಾಡುತ್ತಿದೆ.

ಮೂರು ದಿನ ಹಚ್ಚಿದ ಮುಲಾಮು ಅಟ್ರೋಪಿನ್ ಇರಬೇಕು. ಮಕ್ಕಳ ಕಣ್ಣಿನ ಮಸೂರ ಬಹಳ ಚುರುಕು, ಅದನ್ನು ವಿಶ್ರಾಂತಿಗೆ ತಳ್ಳದಿದ್ದರೆ ನಿಜವಾದ ಪ್ಲಸ್ ನಂಬರ್ ಅಡಗಿ ಕುಳಿತುಕೊಳ್ಳುತ್ತದೆ. ಮೇಲಿನ ಅಕ್ಕನವರ ಮಗನಿಗೆ ಅಂಗಡಿಯ ಯಂತ್ರದಲ್ಲಿ ಕಡಿಮೆ ನಂಬರ್ ಬಂದದ್ದು ಇದೇ ಕಾರಣಕ್ಕೆ. ಮುಂದೆಯೂ ಇದೇ ತಪಾಸಣೆ ಆಗುತ್ತಿರುತ್ತದೆ. ಮುಲಾಮು ಹಚ್ಚಿದಾಗ ಮುಖ ಕೆಂಪಾಗಿ ಮೈ ಬಿಸಿಯಾದರೆ ನಿಲ್ಲಿಸಿ ವೈದ್ಯರಿಗೆ ತಿಳಿಸಿ, ಹಚ್ಚಿದ ಕೈ ತೊಳೆದುಕೊಳ್ಳಿ, ಟ್ಯೂಬನ್ನು ಮಕ್ಕಳ ಕೈಗೆ ಸಿಗದಂತೆ ಇಡಿ. ಪಾಪೆ ಹಿಗ್ಗಿರುವುದರಿಂದ ವಾರ, ಹತ್ತು ದಿನ ಬಿಸಿಲು ಕಣ್ಣಿಗೆ ಚುಚ್ಚುವುದು ಸಹಜ.

ಇನ್ನು ಪಟ್ಟಿಯ ಮಾತು. ತಿರುಗಿದ ಕಣ್ಣು ಬೇರೆ ದಿಕ್ಕಿನ ಚಿತ್ರವನ್ನು ಕಳಿಸುತ್ತಿರುತ್ತದೆ. ಎರಡು ಚಿತ್ರಗಳ ಗೊಂದಲ ಬೇಡವೆಂದು ಮಗುವಿನ ಮೆದುಳು ಆ ಕಣ್ಣಿನ ಚಿತ್ರವನ್ನು ಬದಿಗೊತ್ತುತ್ತದೆ. ಹೀಗೆ ತಿಂಗಳು, ವರ್ಷ ಕಳೆದರೆ ಕಣ್ಣು ಆರೋಗ್ಯವಾಗಿದ್ದೂ ಅದರ ದೃಷ್ಟಿ ಬೆಳೆಯುವುದಿಲ್ಲ. ಇದನ್ನೇ ಸೋಮಾರಿ ಕಣ್ಣು ಎನ್ನುತ್ತಾರೆ. ನಿಮ್ಮ ಮಗಳ ಎಡಗಣ್ಣಿನ 6/24 ಅದನ್ನೇ ಹೇಳುತ್ತದೆ. ಒಳ್ಳೆಯ ಕಣ್ಣನ್ನು ಮುಚ್ಚಿದರೆ ಮೆದುಳಿಗೆ ಎಡಗಣ್ಣನ್ನು ಬಳಸದೆ ಬೇರೆ ದಾರಿಯಿಲ್ಲ. ಪಟ್ಟಿ ಕಣ್ಣನ್ನು ನೆಟ್ಟಗೆ ಮಾಡುವುದಿಲ್ಲ, ದೃಷ್ಟಿಯನ್ನು ಎಬ್ಬಿಸುತ್ತದೆ. ಈ ಭೇದವನ್ನು ದಯವಿಟ್ಟು ಮನೆಯವರೆಲ್ಲರಿಗೂ ತಿಳಿಸಿ, ಏಕೆಂದರೆ ಪಟ್ಟಿ ಹಾಕಿಯೂ ಮೆಳ್ಳೆ ಹೋಗಲಿಲ್ಲ ಎಂದು ಬಿಟ್ಟವರನ್ನು ನಾನು ಪ್ರತಿ ತಿಂಗಳೂ ನೋಡುತ್ತೇನೆ. ಮಧ್ಯಮ ಪ್ರಮಾಣದ ಸೋಮಾರಿ ಕಣ್ಣಿಗೆ ದಿನಕ್ಕೆ ಎರಡು ಗಂಟೆ, ತೀವ್ರವಾದದ್ದಕ್ಕೆ ಆರು ಗಂಟೆ ಎಂಬ ಲೆಕ್ಕ ಅಮೆರಿಕದ ಮಕ್ಕಳ ನೇತ್ರ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನಗಳಿಂದ ರೂಢಿಗೆ ಬಂತು. ಪಟ್ಟಿಯನ್ನು ಕನ್ನಡಕದ ಗಾಜಿಗೆ ಅಂಟಿಸದೆ ಚರ್ಮಕ್ಕೇ ಅಂಟಿಸಿ, ಅದರ ಮೇಲೆ ಕನ್ನಡಕ ಹಾಕಿ, ಇಲ್ಲದಿದ್ದರೆ ಮಗು ಸಂದಿಯಿಂದ ನೋಡುತ್ತದೆ. ಯಾವ ಉಪಾಯಕ್ಕೂ ಬಗ್ಗದ ಮಕ್ಕಳಿಗೆ ಒಳ್ಳೆಯ ಕಣ್ಣಿಗೆ ಅಟ್ರೋಪಿನ್ ಹನಿ ಹಾಕಿ ಅದರ ನೋಟವನ್ನು ಮಂಜಾಗಿಸುವ ಕ್ರಮವೂ ಇದೆ. ಏಳು ವರ್ಷದೊಳಗೆ ಈ ಚಿಕಿತ್ಸೆ ಹೆಚ್ಚು ಫಲ ಕೊಡುತ್ತದೆ. ಆ ನಂತರವೂ ಪ್ರಯತ್ನಿಸಬಹುದು, ಆದರೆ ಫಲ ಕಡಿಮೆಯಾಗುತ್ತ ಹೋಗುತ್ತದೆ. ನಿಮ್ಮ ಒಂದೂವರೆ ವರ್ಷ ಕಳೆದುಹೋಯಿತು ನಿಜ, ಆದರೂ ನಾಲ್ಕು ವರ್ಷ ಇನ್ನೂ ಒಳ್ಳೆಯ ವಯಸ್ಸೇ.

ಶಸ್ತ್ರಚಿಕಿತ್ಸೆಯ ಪ್ರಶ್ನೆಗೆ ಬರುತ್ತೇನೆ. ಪ್ರತಿ ಕಣ್ಣನ್ನು ಹೊರಗಿನಿಂದ ಆರು ಸ್ನಾಯುಗಳು ತಿರುಗಿಸುತ್ತವೆ. ಶಸ್ತ್ರಚಿಕಿತ್ಸೆಯಲ್ಲಿ ಬಿಗಿಯಾದ ಸ್ನಾಯುವನ್ನು ಅದು ಅಂಟಿಕೊಂಡ ಜಾಗದಿಂದ ಬಿಡಿಸಿ ಕೆಲವು ಮಿಲಿಮೀಟರ್ ಹಿಂದಕ್ಕೆ ಹೊಲಿಯುತ್ತಾರೆ, ಅಥವಾ ಸಡಿಲವಾದದ್ದನ್ನು ತುಸು ಕತ್ತರಿಸಿ ಬಿಗಿ ಮಾಡುತ್ತಾರೆ. ಅದು ಪ್ಲಸ್ ನಂಬರನ್ನು ತೆಗೆಯುವುದಿಲ್ಲ. ಕನ್ನಡಕದಿಂದ ಪೂರ್ತಿ ನೆಟ್ಟಗಾಗುವ ಮೆಳ್ಳೆಗೆ ಶಸ್ತ್ರಚಿಕಿತ್ಸೆ ಮಾಡಿದರೆ, ಮುಂದೆ ಕನ್ನಡಕ ಹಾಕಿದಾಗ ಅದೇ ಕಣ್ಣು ಹೊರಗೆ ತಿರುಗುವ ಅಪಾಯವಿದೆ. ಆದ್ದರಿಂದ ಕನ್ನಡಕ ಹಾಕಿಯೂ ಎಷ್ಟು ಓರೆ ಉಳಿಯುತ್ತದೆ ಎಂಬುದನ್ನು ಬೆಳಕನ್ನು ಬಾಗಿಸುವ ಪ್ರಿಸಮ್ ಗಾಜುಗಳಿಂದ ಹಲವು ಸಲ ಅಳೆದು, ಉಳಿದಷ್ಟಕ್ಕೆ ಮಾತ್ರ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ನಿಮ್ಮ ಮಗಳಿಗೆ ಹತ್ತಿರದ ನೋಟದಲ್ಲಿ ಮಾತ್ರ ಓರೆ ಉಳಿದಿದೆ ಎಂದಿದ್ದೀರಿ. ಅದು ಹಾಗೆಯೇ ನಿಂತರೆ ಕೆಳಭಾಗದಲ್ಲಿ ಹೆಚ್ಚಿನ ನಂಬರ್ ಇರುವ ಬೈಫೋಕಲ್ ಗಾಜಿನ ವಿಚಾರವನ್ನು ವೈದ್ಯರು ಎತ್ತಬಹುದು. ಮುಂದಿನ ಭೇಟಿಯಲ್ಲಿ ನೀವೇ ಕೇಳಿ.

ಓದುವ ಬೇರೆ ತಂದೆತಾಯಿಯರಿಗಾಗಿ ಒಂದು ಮಾತು. ಎಲ್ಲ ಮೆಳ್ಳೆಯೂ ಇದೇ ಜಾತಿಯದಲ್ಲ. ಹುಟ್ಟಿದ ಆರು ತಿಂಗಳೊಳಗೇ ಕಣ್ಣು ಸದಾ ಬಹಳ ಒಳಗೆ ತಿರುಗಿದ್ದರೆ ಸಾಮಾನ್ಯವಾಗಿ ಕನ್ನಡಕ ಸಾಲದು, ಎರಡು ವರ್ಷದೊಳಗೆ ಶಸ್ತ್ರಚಿಕಿತ್ಸೆ ಮಾಡಿಸುವುದು ಒಳ್ಳೆಯದು. ಬಿಸಿಲಿಗೆ ಬಂದ ಕೂಡಲೇ ಮಗು ಒಂದು ಕಣ್ಣು ಮುಚ್ಚಿಕೊಳ್ಳುತ್ತಿದ್ದರೆ, ದಣಿದಾಗ ಕಣ್ಣು ಹೊರಗೆ ಹೋಗುತ್ತಿದ್ದರೆ, ಅದು ಆಗಾಗ ಬಂದು ಹೋಗುವ ಹೊರ ಮೆಳ್ಳೆ. ಮಗು ಎಷ್ಟು ಹೊತ್ತು ಕಣ್ಣನ್ನು ಹಿಡಿತದಲ್ಲಿಡುತ್ತದೆ ಎಂಬುದನ್ನು ನೋಡಿಕೊಂಡು ಕಾಯಬೇಕೋ ಬೇಡವೋ ನಿರ್ಧರಿಸುತ್ತಾರೆ. ಕೆಲವು ಮಕ್ಕಳಿಗೆ ಮೂಗಿನ ಬುಡ ಅಗಲವಾಗಿದ್ದು ಮೆಳ್ಳೆಯಂತೆ ತೋರುವುದೂ ಉಂಟು, ಅಲ್ಲಿ ಕಣ್ಣು ನೆಟ್ಟಗೇ ಇರುತ್ತದೆ. ಪೆನ್ಸಿಲ್ ಹಿಡಿದು ಮಾಡುವ ಕಣ್ಣಿನ ವ್ಯಾಯಾಮವನ್ನು ಮೊಬೈಲ್ ವಿಡಿಯೋಗಳು ಎಲ್ಲಕ್ಕೂ ಹೇಳುತ್ತವೆ. ಹತ್ತಿರದ ಓದಿಗೆ ಎರಡೂ ಕಣ್ಣು ಕೂಡಿಬರದ ತೊಂದರೆಯಲ್ಲಿ ವ್ಯಾಯಾಮ ಉಪಯೋಗಕ್ಕೆ ಬರುತ್ತದೆ, ಸದಾ ಒಳಗಿರುವ ಕಣ್ಣಿಗೆ ಅಲ್ಲ. ಸ್ನಾಯುವನ್ನು ಸಡಿಲಗೊಳಿಸುವ ಬೊಟುಲಿನಮ್ ಚುಚ್ಚುಮದ್ದೂ ಒಂದು ದಾರಿ. ಮುಖದ ಸುಕ್ಕಿಗೆ ಬಳಕೆಯಾಗುವ ಈ ಔಷಧವನ್ನು ಸ್ಯಾನ್ ಫ್ರಾನ್ಸಿಸ್ಕೋದ ಅಲನ್ ಸ್ಕಾಟ್ ಎಂಬ ನೇತ್ರವೈದ್ಯರು ಮೊದಲು ಬೆಳೆಸಿದ್ದು ಮೆಳ್ಳೆಗಣ್ಣಿಗಾಗಿ. 1989ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಮೂರು ನಾಲ್ಕು ತಿಂಗಳಲ್ಲಿ ಔಷಧದ ಬಲ ಇಳಿಯುವುದರಿಂದ ಆಯ್ದ ಸಂದರ್ಭಗಳಲ್ಲಿ ಮಾತ್ರ ಕೊಡುತ್ತಾರೆ.

ಮೊಬೈಲಿನ ಫ್ಲ್ಯಾಶ್ ಫೋಟೋದಲ್ಲಿ ಮಗುವಿನ ಒಂದು ಪಾಪೆ ಬೆಳ್ಳಗೆ ಹೊಳೆದರೆ ಮಾತ್ರ ಒಂದು ದಿನವೂ ಕಾಯಬೇಡಿ. ಕಣ್ಣಿನೊಳಗಿನ ಗೆಡ್ಡೆ ಕೂಡ ಮೆಳ್ಳೆಯ ರೂಪದಲ್ಲಿ ಮೊದಲು ಕಾಣಿಸಿಕೊಳ್ಳಬಲ್ಲದು. ಪಾಪೆ ಹಿಗ್ಗಿಸಿ ಅಕ್ಷಿಪಟಲವನ್ನು ನೋಡದೆ ಯಾವ ಮೆಳ್ಳೆಗೂ ಚಿಕಿತ್ಸೆ ಆರಂಭಿಸಬಾರದು.

ಉತ್ತರ 3 – ಬ್ಯಾಡಗಿಯ ಶಿಕ್ಷಕ

ನಾನು ಹಾವೇರಿ ಜಿಲ್ಲೆಯವನು, ಪ್ರಾಥಮಿಕ ಶಾಲೆಯ ಮಾಸ್ತರ. ನನ್ನ ಬಲಗಣ್ಣು ಚಿಕ್ಕಂದಿನಿಂದ ಹೊರಗೆ ತಿರುಗಿತ್ತು. ನನ್ನ ಕಾಲದಲ್ಲಿ ನಮ್ಮ ಊರಿನಲ್ಲಿ ಪಟ್ಟಿ ಹಾಕಿ ಎಂದು ಹೇಳುವವರು ಯಾರೂ ಇರಲಿಲ್ಲ. ತರಗತಿಯಲ್ಲಿ ಒಬ್ಬನನ್ನು ನೋಡಿ ಪ್ರಶ್ನೆ ಕೇಳಿದರೆ ಅವನ ಪಕ್ಕದವನು ಎದ್ದು ನಿಲ್ಲುತ್ತಿದ್ದ, ತಪ್ಪು ತಿಳಿದು ಮಗು ನಾಚಿಕೊಳ್ಳುತ್ತಿತ್ತು. ಆ ಮಗುವಿನ ಮುಖ ನನ್ನನ್ನು ಬಹಳ ನೋಯಿಸುತ್ತಿತ್ತು. ಮೂವತ್ತಾರನೆಯ ವಯಸ್ಸಿನಲ್ಲಿ ಹುಬ್ಬಳ್ಳಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ.

ಕಣ್ಣನ್ನು ಗೂಡಿನಿಂದ ಹೊರಗೆ ತೆಗೆಯುತ್ತಾರೆ ಎಂದು ಹೆದರುವವರಿಗೆ ಹೇಳುತ್ತೇನೆ, ಹಾಗೆ ಮಾಡುವುದಿಲ್ಲ. ಬಿಳಿಗುಡ್ಡೆಯ ಮೇಲಿನ ತೆಳು ಪೊರೆಯನ್ನು ಸ್ವಲ್ಪ ತೆರೆದು ಸ್ನಾಯುವನ್ನು ತಲುಪುತ್ತಾರೆ. ನನಗೆ ಹೊಂದಿಸಬಹುದಾದ ಹೊಲಿಗೆ ಹಾಕಿದ್ದರು. ಮರುದಿನ ಬೆಳಿಗ್ಗೆ ಕಣ್ಣಿಗೆ ಮರಗಟ್ಟಿಸುವ ಹನಿ ಹಾಕಿ, ಗೋಡೆಯ ಮೇಲಿನ ದೀಪವನ್ನು ನೋಡಲು ಹೇಳಿ, ಗಂಟನ್ನು ತುಸು ಎಳೆದು, ಮತ್ತೆ ಅಳೆದು, ಆಮೇಲೆ ಕಟ್ಟಿದರು. ನೋವಿಗಿಂತ ಒಂದು ಬಗೆಯ ಎಳೆತ ಹೆಚ್ಚು ಅನ್ನಿಸಿತು. ಐದು ದಿನ ಎಲ್ಲವೂ ಎರಡೆರಡಾಗಿ ಕಂಡವು. ಇದು ಆಗಬಹುದೆಂದು ಮೊದಲೇ ಪ್ರಿಸಮ್ ಹಿಡಿದು ಪರೀಕ್ಷಿಸಿ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ಕೆಂಪು ಇಳಿಯಲು ಮೂರು ವಾರ ಹಿಡಿಯಿತು. ಮುಂದೆಂದಾದರೂ ಇನ್ನೊಮ್ಮೆ ಮಾಡಿಸಬೇಕಾಗಬಹುದು ಎಂದೂ ಮೊದಲೇ ತಿಳಿಸಿದ್ದರು.

ಈಗ ಕಣ್ಣು ನೆಟ್ಟಗಿದೆ. ಆದರೆ ಆ ಕಣ್ಣಿನ ದೃಷ್ಟಿ ಅಂದೂ 6/36, ಇಂದೂ 6/36. ಸ್ನಾಯುವನ್ನು ಯಾವ ವಯಸ್ಸಿನಲ್ಲೂ ಸರಿಸಬಹುದು, ಕಳೆದ ಬಾಲ್ಯದ ದೃಷ್ಟಿಯನ್ನು ಸರಿಸಿ ತರಲು ಆಗಲಿಲ್ಲ. ಲಕ್ಷ್ಮೇಶ್ವರದ ಅಣ್ಣನವರೇ, ನಿಮ್ಮ ಮಗಳ ಆ ಎರಡು ಗಂಟೆಯ ಪಟ್ಟಿ ನನಗೆ ಸಿಗದೆ ಹೋದದ್ದು. ಅದನ್ನು ಒಂದು ದಿನವೂ ತಪ್ಪಿಸಬೇಡಿ.

ನಮ್ಮ ಶಾಲೆಗೆ ವರ್ಷಕ್ಕೊಮ್ಮೆ, ಅಂಗನವಾಡಿಗಳಿಗೆ ವರ್ಷಕ್ಕೆರಡು ಸಲ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬರುವ ವ್ಯವಸ್ಥೆ 2013ರಿಂದ ಇದೆ. ಆ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳದೆ ಕಳಿಸಿ. ಕಣ್ಣಿನ ತೊಂದರೆ ಕಂಡರೆ ಅಲ್ಲಿಂದಲೇ ಜಿಲ್ಲಾ ಮಟ್ಟದ ಆಸ್ಪತ್ರೆಗೆ ಬರೆದು ಕೊಡುತ್ತಾರೆ.

ಉತ್ತರ 4 – ರೋಣದ ಓದುಗ

ಮಕ್ಕಳ ಮಾತಿನ ನಡುವೆ ಹಿರಿಯರ ಒಂದು ವಿಷಯ ಸೇರಿಸುತ್ತೇನೆ. ನಮ್ಮ ತಂದೆಯವರಿಗೆ 61 ವರ್ಷ, ಸಕ್ಕರೆ ಕಾಯಿಲೆ ಇದೆ. ಒಂದು ಮುಂಜಾನೆ ಎದ್ದಾಗ ಬಾಗಿಲು ಎರಡಾಗಿ ಕಂಡಿತು, ಎಡಗಣ್ಣು ಹೊರಗೆ ಹೋಗುತ್ತಿರಲಿಲ್ಲ. ಸ್ನಾಯುವಿಗೆ ಹೋಗುವ ಆರನೆಯ ನರ ದುರ್ಬಲವಾಗಿದೆ ಎಂದರು. ಸಕ್ಕರೆ, ರಕ್ತದೊತ್ತಡ, ತಲೆಯ ಸ್ಕ್ಯಾನ್ ಎಲ್ಲ ನೋಡಿದರು. ಶಸ್ತ್ರಚಿಕಿತ್ಸೆ ಈಗ ಬೇಡ, ಇಂಥದ್ದು ಮೂರರಿಂದ ಆರು ತಿಂಗಳಲ್ಲಿ ತಾನೇ ಚೇತರಿಸಿಕೊಳ್ಳುವುದು ಹೆಚ್ಚು ಎಂದು ಹೇಳಿ, ಅಲ್ಲಿಯವರೆಗೆ ಕನ್ನಡಕಕ್ಕೆ ಅಂಟಿಸುವ ತೆಳು ಪ್ರಿಸಮ್ ಹಾಳೆ ಕೊಟ್ಟರು. ಮೂರೂವರೆ ತಿಂಗಳಿಗೆ ಸರಿಯಾಯಿತು. ದೊಡ್ಡವರಿಗೆ ಹೀಗೆ ಏಕಾಏಕಿ ಎರಡಾಗಿ ಕಂಡರೆ, ಜೊತೆಗೆ ರೆಪ್ಪೆ ಜೋತು ಬಿದ್ದು ತಲೆನೋವೂ ಇದ್ದರೆ, ಅದೇ ದಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕೆಂದು ವೈದ್ಯರು ನಮಗೆ ಒತ್ತಿ ಹೇಳಿದ್ದಾರೆ.

ಲಕ್ಷ್ಮೇಶ್ವರದ ತಂದೆ

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಅಕ್ಕನವರ ಮೊರದ ಮಾತನ್ನು ಓದಿ ಹೇಳಿದಾಗ ನನ್ನ ಹೆಂಡತಿ ನಿನ್ನೆಯೇ ಅಲಸಂದಿ, ಶೇಂಗಾ ಬೆರೆಸಿ ಇಟ್ಟಳು. ಮಗಳು ಐವತ್ತು ನಿಮಿಷ ಪಟ್ಟಿ ಕೀಳಲಿಲ್ಲ. ನಂತರ ಅಮ್ಮನಿಗೂ ಪಟ್ಟಿ ಹಾಕು ಎಂದು ಹಟ ಹಿಡಿದಳು, ಇಬ್ಬರೂ ಹಾಕಿಕೊಂಡು ಕುಳಿತರು. ಇನ್ನೊಂದು ಸಂದೇಹ: ಬೆಳಿಗ್ಗೆ ಅಂಗನವಾಡಿಯಲ್ಲಿ ಒಂದು ಗಂಟೆ, ಸಂಜೆ ಮನೆಯಲ್ಲಿ ಒಂದು ಗಂಟೆ ಎಂದು ಭಾಗ ಮಾಡಬಹುದೇ?

ಧಾರವಾಡದ ಆಪ್ಟೊಮೆಟ್ರಿಸ್ಟ್

ಮಾಡಬಹುದು, ಒಟ್ಟು ಎರಡು ಗಂಟೆ ತುಂಬಿದರೆ ಸಾಕು. ಆದರೆ ಅಂಗನವಾಡಿಯ ಮೆಟ್ಟಿಲು, ಓಡಾಟ, ಬೇರೆ ಮಕ್ಕಳ ಮಾತು ಇವೆಲ್ಲ ಇರುವುದರಿಂದ ಮೊದಲ ಒಂದೆರಡು ತಿಂಗಳು ಎರಡೂ ಗಂಟೆಯನ್ನು ಮನೆಯಲ್ಲೇ ಮುಗಿಸುವುದು ಒಳ್ಳೆಯದು. ಗೋಡೆಯ ಕ್ಯಾಲೆಂಡರಿನಲ್ಲಿ ಪಟ್ಟಿ ಹಾಕಿದ ನಿಮಿಷಗಳನ್ನು ದಿನವೂ ಬರೆದಿಡಿ, ಮುಂದಿನ ಭೇಟಿಗೆ ಆ ಹಾಳೆಯನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಹೋಗಿ. ಕನ್ನಡಕ ಹಾಕಿದಾಗ ಮತ್ತು ತೆಗೆದಾಗ, ದೂರಕ್ಕೆ ಮತ್ತು ಹತ್ತಿರಕ್ಕೆ ನೋಡುವಾಗ ತೆಗೆದ ನಾಲ್ಕು ಫೋಟೋಗಳಿದ್ದರೆ ಇನ್ನೂ ಅನುಕೂಲ.